ಚಾರ್ಜರ್ ಕೊಳ್ಳುವ ಮೊದಲು ಮೀಟರ್ ನೋಡಿ

ಬ್ರಿಟನ್ನಿಗೆ ಹೊಸದಾಗಿ ಬಂದ ಕುಟುಂಬಗಳಲ್ಲಿ ಹಲವರು ಆಫೀಸಿನ ಸ್ಯಾಲರಿ ಸ್ಯಾಕ್ರಿಫೈಸ್ ಯೋಜನೆಯಲ್ಲಿ (ತೆರಿಗೆಗೆ ಮೊದಲೇ ಸಂಬಳದಿಂದ ಕಂತು ಕಡಿಯುವ ವ್ಯವಸ್ಥೆ) ಎಲೆಕ್ಟ್ರಿಕ್ ಕಾರು ತೆಗೆದುಕೊಳ್ಳುತ್ತಿದ್ದಾರೆ. ಕಾರಿನ ಬೆನ್ನಿಗೇ ಬರುವ ಪ್ರಶ್ನೆ: ಸುಮಾರು ಸಾವಿರ ಪೌಂಡ್ ಹಾಕಿ ಮನೆಗೆ ಸ್ಮಾರ್ಟ್ ಚಾರ್ಜರ್ ಕೂರಿಸಬೇಕೇ? ಸ್ವಂತ ಮನೆ, ಮನೆ ಮುಂದೆ ಕಾರು ನಿಲ್ಲಿಸಲು ಜಾಗ, ದಿನವೂ ದೂರದ ಓಡಾಟ ಇದ್ದರೆ ಹಾಕಿಸಿ. ಬಾಡಿಗೆ ಮನೆಯಲ್ಲಿದ್ದು ಓಡಾಟ ಕಡಿಮೆಯಿದ್ದರೆ ಸದ್ಯಕ್ಕೆ ತಡೆಯಿರಿ. ಉಳಿತಾಯವೆಲ್ಲ ರಾತ್ರಿಯ ಅಗ್ಗದ ದರದಲ್ಲಿದೆ. ಆ ದರ ಹಿಡಿಯಲು ಗೋಡೆಯ ಚಾರ್ಜರ್ ಒಂದು ದಾರಿ ಅಷ್ಟೇ.

ನನ್ನ ಊರು ಅಥಣಿ ತಾಲ್ಲೂಕಿನ ಸತ್ತಿ, ಕೃಷ್ಣೆಯ ಕಬ್ಬಿನ ಸೀಮೆ. ಅಲ್ಲಿ ಪಂಪ್‌ಸೆಟ್ಟಿಗೆ ತ್ರೀ ಫೇಸ್ ಕರೆಂಟ್ ಬರುವುದು ಪಾಳಿಯ ಮೇಲೆ, ಎಷ್ಟೋ ಸಲ ನಡುರಾತ್ರಿ. ಮೊದಲೆಲ್ಲ ಬ್ಯಾಟರಿ ಹಿಡಿದು ಹೊಲಕ್ಕೆ ಹೋಗಿ ಮೋಟಾರ್ ಚಾಲೂ ಮಾಡಬೇಕಿತ್ತು. ಈಗ ಮೊಬೈಲ್ ಸ್ಟಾರ್ಟರ್ ಇದ್ದವರು ಮನೆಯಿಂದಲೇ ಮಾಡುತ್ತಾರೆ. ಸ್ಮಾರ್ಟ್ ಚಾರ್ಜರಿನ ಕೆಲಸವೂ ಅದೇ ಜಾತಿಯದು: ಬೇಡಿಕೆ ಇಳಿದ ಹೊತ್ತು ನೋಡಿ ಕರೆಂಟ್ ಎಳೆಯುತ್ತದೆ. ಇಂಗ್ಲೆಂಡ್, ವೇಲ್ಸ್, ಸ್ಕಾಟ್ಲೆಂಡಿನಲ್ಲಿ 2022ರ ಜೂನ್ 30ರಿಂದ ಮಾರುವ ಮನೆಯ ಚಾರ್ಜರ್‌ಗಳೆಲ್ಲ ಸ್ಮಾರ್ಟ್ ಆಗಿರಲೇಬೇಕೆಂದು ಕಾನೂನಿದೆ. ವಾರದ ದಿನಗಳಲ್ಲಿ ಬೆಳಿಗ್ಗೆ 8ರಿಂದ 11, ಸಂಜೆ 4ರಿಂದ ರಾತ್ರಿ 10ರವರೆಗೆ ಚಾರ್ಜ್ ಆಗದಂತೆ ಅವು ಮೊದಲೇ ಹೊಂದಿಸಿ ಬರುತ್ತವೆ, ಬೇಕಾದರೆ ನೀವು ಬದಲಿಸಿಕೊಳ್ಳಬಹುದು. ಹಾಗಾಗಿ ‘ಇದು ಸ್ಮಾರ್ಟ್’ ಎಂಬ ಒಂದೇ ಮಾತಿಗೆ ಹೆಚ್ಚು ಹಣ ಕೊಡಬೇಡಿ.

ಲೆಕ್ಕ ಹಾಕೋಣ. ವರ್ಷಕ್ಕೆ 7,000 ಮೈಲಿ, ಯೂನಿಟ್ಟಿಗೆ ಮೂರೂವರೆ ಮೈಲಿ ಎಂದರೆ 2,000 ಯೂನಿಟ್ ಬೇಕು. ಯೂನಿಟ್ಟಿಗೆ ಮಾಮೂಲಿ ದರ 26 ಪೆನ್ಸ್ ಹಿಡಿದರೆ 520 ಪೌಂಡ್, ರಾತ್ರಿಯ ದರ 8 ಪೆನ್ಸ್ ಹಿಡಿದರೆ 160 ಪೌಂಡ್. ವರ್ಷಕ್ಕೆ ಉಳಿಯುವುದು 360. ಸಾವಿರ ಪೌಂಡಿನ ಚಾರ್ಜರ್ ಮೂರು ವರ್ಷದೊಳಗೆ ತನ್ನ ದುಡ್ಡು ತೀರಿಸುತ್ತದೆ ಎಂದು ಮಾರುವವರು ಹೇಳುತ್ತಾರೆ. ಆದರೆ ಅದೇ 360 ಪೌಂಡ್ ಮನೆಯ ಮಾಮೂಲಿ ಮೂರು ಪಿನ್ನಿನ ಪ್ಲಗ್‌ನಿಂದಲೂ ಉಳಿಯಬಹುದು. ಅದು ಎಳೆಯುವುದು ಸುಮಾರು 2.3 ಕಿಲೋವ್ಯಾಟ್, ಆರು ತಾಸಿಗೆ ಹೆಚ್ಚುಕಡಿಮೆ 14 ಯೂನಿಟ್, ಅಂದರೆ 45 ಮೈಲಿಯ ಓಟ. ಆಫೀಸು, ಮಕ್ಕಳ ಶಾಲೆ, ವಾರದ ಕಿರಾಣಿಗೆ ಎಷ್ಟೋ ಮನೆಗಳಿಗೆ ಇಷ್ಟು ಸಾಕು. ರಾತ್ರಿ ಇಷ್ಟು ಗಂಟೆಗೆ ಶುರುವಾಗು ಎಂದು ಹೊಂದಿಸುವ ಟೈಮರ್ ಈಗಿನ ಬಹುತೇಕ ಕಾರುಗಳಲ್ಲೇ ಇದೆ. 7 ಕಿಲೋವ್ಯಾಟಿನ ಚಾರ್ಜರ್ ಅದೇ ಆರು ತಾಸಿನಲ್ಲಿ 42 ಯೂನಿಟ್ ತುಂಬುತ್ತದೆ. ದಿನಕ್ಕೆ ಎಂಬತ್ತು–ನೂರು ಮೈಲಿ ಓಡಿಸುವವರಿಗೆ, ಮನೆಯಲ್ಲಿ ಎರಡು ಕಾರಿರುವವರಿಗೆ ಅದು ನಿಜಕ್ಕೂ ಬೇಕು.

ಮೂರು ಪಿನ್ನಿನ ದಾರಿ ಹಿಡಿದವರಿಗೆ ಒಂದು ಕಳಕಳಿಯ ಮಾತು. ಹಳೆಯ ಮನೆಯಾದರೆ ಸಾಕೆಟ್ಟನ್ನು ಮೊದಲು ಎಲೆಕ್ಟ್ರಿಷಿಯನ್‌ಗೆ ತೋರಿಸಿ. ಎಕ್ಸ್‌ಟೆನ್ಷನ್ ರೀಲ್ ಬೇಡವೇ ಬೇಡ. ಚಾರ್ಜಿಗೆ ಹಾಕಿ ಅರ್ಧ ತಾಸಾದ ಮೇಲೆ ಪ್ಲಗ್ ಮುಟ್ಟಿ ನೋಡಿ. ಕೈಗೆ ಚುರುಕು ಮುಟ್ಟುವಷ್ಟು ಬಿಸಿಯಿದ್ದರೆ ಅವತ್ತೇ ನಿಲ್ಲಿಸಿ.

ಇನ್ನು ಮೀಟರ್. ಇಂಥ ರಾತ್ರಿಯ ದರಕ್ಕೆ ಸಾಮಾನ್ಯವಾಗಿ ಸ್ಮಾರ್ಟ್ ಮೀಟರ್ ಬೇಕು, ಇಲ್ಲದಿದ್ದರೆ ಕಂಪನಿಗೆ ಕೇಳಿ ಹಾಕಿಸಿಕೊಳ್ಳಿ. ಕೆಲವು ಅಗ್ಗದ ದರಗಳು ಗೊತ್ತುಪಡಿಸಿದ ಕಾರು ಇಲ್ಲವೇ ಚಾರ್ಜರ್‌ಗಳಿಗೆ ಮಾತ್ರ ಸಿಗುತ್ತವೆ. ಸಹಿಗೆ ಮೊದಲೇ ಕೇಳಿ. ಹಗಲಿನ ದರ ಹೆಚ್ಚಿದೆಯೇ ಎಂದೂ ನೋಡಿ. ಊರಿನಿಂದ ಅವ್ವ–ಅಪ್ಪ ಆರು ತಿಂಗಳಿಗೆ ಬಂದು, ಹಗಲೆಲ್ಲ ಎಲೆಕ್ಟ್ರಿಕ್ ಹೀಟರ್, ಇಂಡಕ್ಷನ್ ಒಲೆ ನಡೆದರೆ, ರಾತ್ರಿ ಉಳಿಸಿದ್ದು ಹಗಲು ಕರಗೀತು.

ಮೀಟರ್ ಪಕ್ಕದ ಮುಖ್ಯ ಫ್ಯೂಜಿನ ಮೇಲೆ ಸಾಮಾನ್ಯವಾಗಿ 60, 80 ಅಥವಾ 100 ಎಂದು ಇರುತ್ತದೆ. 7 ಕಿಲೋವ್ಯಾಟಿನ ಚಾರ್ಜರ್ ಒಂದೇ 32 ಆಂಪಿಯರ್ ಎಳೆಯುತ್ತದೆ, ಎಲೆಕ್ಟ್ರಿಕ್ ಶವರ್ 40ರ ಹತ್ತಿರ. 60ರ ಫ್ಯೂಜಿದ್ದ ಮನೆಯಲ್ಲಿ, ಮನೆಯ ಹೊರೆ ನೋಡಿಕೊಂಡು ತಾನೇ ಕಡಿಮೆ ಎಳೆಯುವ ಚಾರ್ಜರನ್ನೇ ಕೇಳಿ.

ಚಾರ್ಜರ್ ಹಾಕಿಸಲು ಸ್ವಂತ ಒಂಟಿಮನೆಯವರಿಗಿದ್ದ ಸರ್ಕಾರದ ಸಹಾಯಧನ 2022ರ ಮಾರ್ಚ್ ಕೊನೆಗೆ ನಿಂತಿತು. ಆಮೇಲೆ ಅದು ಬಾಡಿಗೆದಾರರಿಗೆ, ಫ್ಲ್ಯಾಟ್ ಮಾಲೀಕರಿಗೆ ಉಳಿಯಿತು. ಮೊತ್ತ, ಗಡುವು ಬದಲಾಗುವುದರಿಂದ ಸರ್ಕಾರದ ಜಾಲತಾಣದಲ್ಲೇ ನೋಡಿ. ಬಾಡಿಗೆಯವರು ಮನೆ ಮಾಲೀಕರ ಒಪ್ಪಿಗೆಯನ್ನು ಬರಹದಲ್ಲೇ ಪಡೆಯಬೇಕು.

ಹಾಕಿಸುವುದೆಂದು ತೀರ್ಮಾನಿಸಿದರೆ ಮೀಟರ್ ಪೆಟ್ಟಿಗೆ ಮತ್ತು ಕಾರು ನಿಲ್ಲುವ ಜಾಗದ ಫೋಟೊ ಕಳಿಸಿ ಮೂರು ಕಡೆಯಿಂದ ಕೊಟೇಶನ್ ತರಿಸಿ. ಎರಡರ ನಡುವಿನ ಅಂತರ ಹೆಚ್ಚಿದಷ್ಟೂ ಖರ್ಚು ಏರುತ್ತದೆ. ಕೇಬಲ್, ಅರ್ಥಿಂಗ್ ಕೆಲಸ, ವಿದ್ಯುತ್ ಜಾಲದ ಕಂಪನಿಗೆ ತಿಳಿಸುವ ಅರ್ಜಿ ಎಲ್ಲವೂ ಬೆಲೆಯಲ್ಲಿ ಸೇರಿದೆಯೆಂದು ಬರೆಸಿಕೊಂಡ ಮೇಲೆಯೇ ಮುಂಗಡ ಕೊಡಿ.