ಅಲಂಕಾರಿಕ ಮೀನುಗಳಲ್ಲಿ ಗಂಡು–ಹೆಣ್ಣುಗಳನ್ನು ಗುರುತಿಸುವ ಕ್ರಮ

ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆಯ ನೆರವಿನಿಂದಾಗಲಿ ಸ್ವಂತ ಬಂಡವಾಳದಿಂದಾಗಲಿ ಹಿತ್ತಲಿನಲ್ಲಿ ಅಲಂಕಾರಿಕ ಮೀನು ಸಾಕುತ್ತಿರುವ ರೈತರು ಮತ್ತು ಮಹಿಳಾ ಸ್ವಸಹಾಯ ಸಂಘಗಳ ಸದಸ್ಯರ ಉಪಯೋಗಕ್ಕಾಗಿ ಈ ಪಾಠವನ್ನು ಸಿದ್ಧಪಡಿಸಲಾಗಿದೆ. ಮರಿಗಳನ್ನು ಕೊಂಡು ಬೆಳೆಸಿ ಮಾರುವವರು ಕೆಲಕಾಲದ ನಂತರ ತಾವೇ ಮರಿ ಮಾಡಿಸಲು ಮುಂದಾಗುವುದು ಸಹಜ. ಆ ಕೆಲಸ ಕೆಡುವುದು ಬಹುಪಾಲು ಮೊದಲ ಹೆಜ್ಜೆಯಲ್ಲೇ. ಎರಡು ಹೆಣ್ಣುಗಳನ್ನು ಜೋಡಿಯೆಂದು ನಂಬಿ ತಂದು ತಿಂಗಳುಗಟ್ಟಲೆ ಆಹಾರ ಹಾಕಿ, ನೀರು ಬದಲಿಸಿ, ಕಡೆಗೆ ಒಂದು ಮರಿಯನ್ನೂ ಕಾಣದವರಿದ್ದಾರೆ. ಅಂಥವರು ನೀರನ್ನು ದೂರುತ್ತಾರೆ, ಆಹಾರವನ್ನು ದೂರುತ್ತಾರೆ. ಜೋಡಿಯನ್ನು ಮಾತ್ರ ಮತ್ತೊಮ್ಮೆ ಪರೀಕ್ಷಿಸುವುದಿಲ್ಲ.

ಬಣ್ಣ ಹೆಚ್ಚಾಗಿದ್ದರೆ ಗಂಡು, ಕಡಿಮೆಯಿದ್ದರೆ ಹೆಣ್ಣು ಎಂಬ ಮಾತು ಕೆಲವು ಜಾತಿಗಳಿಗೆ ಮಾತ್ರ ಸಲ್ಲುತ್ತದೆ. ಗೋಲ್ಡ್ ಫಿಶ್, ಕೋಯಿ, ಏಂಜಲ್ ಮೀನುಗಳಲ್ಲಿ ಬಣ್ಣದಿಂದ ಏನೂ ತಿಳಿಯದು. ಬಣ್ಣದ ವ್ಯತ್ಯಾಸವಿರುವ ಗಪ್ಪಿಯಲ್ಲಿಯೂ ಗಂಡು ಹಾರ್ಮೋನು ಬೆರೆಸಿದ ಆಹಾರ ಕೊಟ್ಟರೆ ಹೆಣ್ಣಿಗೆ ಗಂಡಿನಂತೆಯೇ ಬಣ್ಣ ಬರುತ್ತದೆ. ಇಂತಹ ಮೀನನ್ನು ಮರಿ ಮಾಡಿಸಲು ನೆಚ್ಚುವಂತಿಲ್ಲ. ಆದುದರಿಂದ ಪ್ರತಿಯೊಂದು ಜಾತಿಯಲ್ಲಿ ಯಾವ ಗುರುತನ್ನು ನಂಬಬೇಕು, ಯಾವ ವಯಸ್ಸಿನಲ್ಲಿ ನಂಬಬೇಕು ಎಂಬುದನ್ನು ಪ್ರತ್ಯೇಕವಾಗಿ ತಿಳಿಯುವುದು ಅವಶ್ಯಕ.

ಮರಿ ಹಾಕುವ ಮೀನುಗಳು

ಗಪ್ಪಿ, ಮೋಲಿ, ಪ್ಲ್ಯಾಟಿ ಮತ್ತು ಸ್ವೋರ್ಡ್‌ಟೇಲ್ ಮೀನುಗಳು ಮೊಟ್ಟೆ ಇಡದೆ ನೇರವಾಗಿ ಮರಿ ಹಾಕುತ್ತವೆ. ಹೊಸಬರು ಇವುಗಳಿಂದಲೇ ಆರಂಭಿಸುವುದು ಲೇಸು. ಇವುಗಳಲ್ಲಿ ತಪ್ಪದ ಗುರುತೊಂದಿದೆ. ಹೊಟ್ಟೆಯ ಕೆಳಗೆ, ಗುದದ್ವಾರದ ಹಿಂದೆ ಇರುವ ಈಜುರೆಕ್ಕೆಯನ್ನು ನೋಡಬೇಕು. ಹೆಣ್ಣಿನಲ್ಲಿ ಅದು ಬೀಸಣಿಗೆಯಂತೆ ಅಗಲವಾಗಿ, ಮುಕ್ಕೋನಾಕಾರದಲ್ಲಿರುತ್ತದೆ. ಗಂಡಿನಲ್ಲಿ ಅದೇ ರೆಕ್ಕೆ ಕಿರಿದಾಗಿ, ಹಿಂದಕ್ಕೆ ಚಾಚಿದ ಕಡ್ಡಿಯಂತೆ ಮಾರ್ಪಟ್ಟಿರುತ್ತದೆ. ಗಂಡು ಈ ಕಡ್ಡಿಯ ಮೂಲಕವೇ ಹೆಣ್ಣಿನ ದೇಹದೊಳಗೆ ವೀರ್ಯವನ್ನು ಸೇರಿಸುವುದರಿಂದ ಪ್ರಾಯಕ್ಕೆ ಬಂದ ಗಂಡಿಗೆ ಇದು ಇದ್ದೇ ಇರುತ್ತದೆ. ಹೆಣ್ಣಿನ ಹೊಟ್ಟೆಯ ಹಿಂಭಾಗದಲ್ಲಿ ಕಾಣುವ ಕಪ್ಪು ಮಚ್ಚೆ ಎರಡನೆಯ ಗುರುತು. ಮರಿಗಳು ಬೆಳೆದಂತೆಲ್ಲ ಅದು ದಟ್ಟವಾಗುತ್ತದೆ. ತಿಳಿ ಹಳದಿ ತಳಿಗಳಲ್ಲಿ ಈ ಮಚ್ಚೆ ಮಸುಕಾಗಿರುತ್ತದೆ, ಕಪ್ಪು ಮೋಲಿಯಲ್ಲಿ ಕಾಣುವುದೇ ಇಲ್ಲ.

ಇಲ್ಲಿ ವಯಸ್ಸಿನ ವಿಷಯ ಬಹಳ ಮುಖ್ಯ. ಗಪ್ಪಿಯ ಹೆಣ್ಣು ಒಮ್ಮೆ ಗಂಡಿನೊಡನೆ ಕೂಡಿದರೆ ಆ ವೀರ್ಯವನ್ನು ತನ್ನ ದೇಹದಲ್ಲಿ ಕಾದಿರಿಸಿಕೊಂಡು, ಮತ್ತೆ ಗಂಡಿನ ಮುಖ ನೋಡದೆಯೂ ಹಲವು ತಿಂಗಳುಗಳವರೆಗೆ, ಮೂರು ನಾಲ್ಕು ವಾರಗಳಿಗೊಮ್ಮೆ ಮರಿ ಹಾಕಬಲ್ಲದು. ಅಂಗಡಿಯ ಮಿಶ್ರ ತೊಟ್ಟಿಯಿಂದ ತಂದ ಬೆಳೆದ ಹೆಣ್ಣಿಗೆ ನಿಮ್ಮ ಉತ್ತಮ ತಳಿಯ ಗಂಡನ್ನು ಜೊತೆಮಾಡಿದರೂ ಹುಟ್ಟುವ ಮರಿಗಳು ಯಾವುದೋ ಬೇರೆ ಗಂಡಿನವಾಗಿರಬಹುದು. ತಳಿಯ ಶುದ್ಧತೆಗೆ ಬೆಲೆ ಸಿಗುವ ಈ ವ್ಯವಹಾರದಲ್ಲಿ ಇದು ಸಣ್ಣ ನಷ್ಟವಲ್ಲ. ಆದ್ದರಿಂದ ಮರಿಗಳು ಹುಟ್ಟಿದ ಮೂರನೆಯ ವಾರದಿಂದಲೇ ಎರಡು ಮೂರು ದಿನಗಳಿಗೊಮ್ಮೆ ಅವುಗಳ ಹೊಟ್ಟೆಯ ಕೆಳಗಿನ ರೆಕ್ಕೆಯನ್ನು ಪರೀಕ್ಷಿಸಿ, ರೆಕ್ಕೆ ಕಿರಿದಾಗತೊಡಗಿದವುಗಳನ್ನು ಬೇರೆ ತೊಟ್ಟಿಗೆ ಸಾಗಿಸತಕ್ಕದ್ದು. ಬಣ್ಣ ಮೂಡಲಿ ಎಂದು ಕಾಯುವವರು ತಡಮಾಡಿದಂತೆಯೇ. ಸಂತಾನೋತ್ಪತ್ತಿಯ ತೊಟ್ಟಿಯಲ್ಲಿ ಒಂದು ಗಂಡಿಗೆ ಮೂರು ಅಥವಾ ನಾಲ್ಕು ಹೆಣ್ಣುಗಳಿದ್ದರೆ ಹೆಣ್ಣುಗಳಿಗೆ ಗಂಡಿನ ಕಾಟ ತಗ್ಗುತ್ತದೆ.

ಸೊಳ್ಳೆಯ ಮರಿಹುಳುಗಳ ನಿಯಂತ್ರಣಕ್ಕೆಂದು ತೊಟ್ಟಿಗಳಲ್ಲಿ ಬಿಡುವುದೂ ಇದೇ ಗಪ್ಪಿಯನ್ನು. ಆ ಕೆಲಸಕ್ಕೆ ಲಿಂಗ ವಿಂಗಡಣೆ ಬೇಕಿಲ್ಲ. ಗರ್ಭ ಧರಿಸಿದ ಒಂದು ಹೆಣ್ಣೇ ತೊಟ್ಟಿಯನ್ನು ತುಂಬಿಸೀತು. ಇದೇ ಕಾರಣಕ್ಕೆ ಬೇಡವಾದ ಗಪ್ಪಿಗಳನ್ನು ಹಳ್ಳ, ಕೆರೆಗಳಿಗೆ ಬಿಡಬಾರದು.

ಸ್ವೋರ್ಡ್‌ಟೇಲ್ ಸಾಕುವವರಲ್ಲಿ ಹೆಣ್ಣು ಮೀನು ಗಂಡಾಗಿ ಮಾರ್ಪಟ್ಟಿತೆಂಬ ಮಾತು ಆಗಾಗ ಕೇಳಿಬರುತ್ತದೆ. ಈ ಜಾತಿಯ ಕೆಲವು ಗಂಡುಗಳು ತಡವಾಗಿ ಪ್ರಾಯಕ್ಕೆ ಬರುತ್ತವೆ. ಹೆಣ್ಣಿನಷ್ಟೇ ದೊಡ್ಡದಾಗಿ ಬೆಳೆದ ಮೇಲೆ ಬಾಲದ ಕತ್ತಿ ಮೂಡುತ್ತದೆ. ನೋಡುವವರಿಗೆ ಅದು ಪವಾಡದಂತೆ ತೋರುತ್ತದೆ, ಅಷ್ಟೇ.

ಗೋಲ್ಡ್ ಫಿಶ್

ಸುಮಾರು ಒಂದು ವರ್ಷ ತುಂಬುವವರೆಗೆ ಗೋಲ್ಡ್ ಫಿಶ್‌ನ ಲಿಂಗವನ್ನು ಖಚಿತವಾಗಿ ಹೇಳುವುದು ಕಷ್ಟ. ಸಣ್ಣ ಮರಿಯನ್ನು ತೋರಿಸಿ ಇದು ಗಂಡು, ಇದು ಹೆಣ್ಣು ಎಂದು ಹೆಚ್ಚಿನ ಬೆಲೆ ಕೇಳುವವರ ಮಾತಿಗೆ ಮರುಳಾಗಬಾರದು.

ಪ್ರಾಯಕ್ಕೆ ಬಂದ ಗಂಡಿನ ಕಿವಿರು ಮುಚ್ಚಳದ ಮೇಲೆ ಮತ್ತು ಎದೆಯ ಈಜುರೆಕ್ಕೆಗಳ ಮುಂಚೂಣಿಯ ಕಡ್ಡಿಯ ಮೇಲೆ, ಸಂತಾನೋತ್ಪತ್ತಿಯ ಕಾಲದಲ್ಲಿ ಸಾಸಿವೆಗಿಂತಲೂ ಸಣ್ಣ ಬಿಳಿ ಗುಳ್ಳೆಗಳು ಏಳುತ್ತವೆ. ಹೊಸ ಸಾಕಾಣಿಕೆದಾರರು ಇದನ್ನು ಬಿಳಿಚುಕ್ಕೆ ರೋಗವೆಂದು ಭಾವಿಸಿ, ಆರೋಗ್ಯವಂತ ಗಂಡಿಗೆ ಔಷಧ ಹಾಕಿ, ಮೊಟ್ಟೆ ಇಡಿಸುವ ಕಾಲವನ್ನೇ ಕಳೆದುಕೊಳ್ಳುವುದುಂಟು. ಇವೆರಡರ ಭೇದವನ್ನು ಚೆನ್ನಾಗಿ ಮನನ ಮಾಡಿಕೊಳ್ಳಬೇಕು. ಗಂಡಿನ ಗುಳ್ಳೆಗಳು ಕಿವಿರು ಮುಚ್ಚಳ ಮತ್ತು ಎದೆರೆಕ್ಕೆಗಳಲ್ಲಿ ಒಂದು ಕ್ರಮದಲ್ಲಿರುತ್ತವೆ. ಮೀನು ಚುರುಕಾಗಿರುತ್ತದೆ, ಚೆನ್ನಾಗಿ ತಿನ್ನುತ್ತದೆ, ಹೆಣ್ಣನ್ನು ಅಟ್ಟಿಸಿಕೊಂಡು ಹೋಗುತ್ತದೆ. ರೋಗದ ಚುಕ್ಕೆಗಳು ಮೈ, ಬಾಲ, ರೆಕ್ಕೆಗಳೆನ್ನದೆ ಎಲ್ಲೆಂದರಲ್ಲಿ ಉಪ್ಪು ಚಿಮುಕಿಸಿದಂತೆ ಹರಡಿರುತ್ತವೆ. ಮೀನು ರೆಕ್ಕೆ ಮುದುಡಿಕೊಂಡು ತೊಟ್ಟಿಯ ಗೋಡೆಗೆ, ಕಲ್ಲಿಗೆ ಮೈ ಉಜ್ಜುತ್ತದೆ. ಒಂದರಿಂದ ಇನ್ನೊಂದಕ್ಕೆ ಹರಡುತ್ತದೆ.

ಗುಳ್ಳೆಗಳಿದ್ದರೆ ಗಂಡೆಂದು ಬಹುಮಟ್ಟಿಗೆ ನಂಬಬಹುದು. ಗುಳ್ಳೆಗಳಿಲ್ಲವೆಂದ ಮಾತ್ರಕ್ಕೆ ಹೆಣ್ಣೆಂದು ತೀರ್ಮಾನಿಸುವಂತಿಲ್ಲ, ಏಕೆಂದರೆ ಎಲ್ಲ ಗಂಡುಗಳಲ್ಲೂ ಅವು ಸ್ಪಷ್ಟವಾಗಿ ಏಳುವುದಿಲ್ಲ. ಆಗ ಮೀನನ್ನು ಮೇಲಿನಿಂದ ನೋಡಬೇಕು. ಮೊಟ್ಟೆ ತುಂಬಿದ ಹೆಣ್ಣಿನ ಹೊಟ್ಟೆ ಒಂದು ಪಕ್ಕಕ್ಕೆ ಹೆಚ್ಚು ಉಬ್ಬಿ ಓರೆಯಾಗಿ ಕಾಣುತ್ತದೆ, ಮುಟ್ಟಿದರೆ ಮೆತ್ತಗಿರುತ್ತದೆ. ಅದರ ಗುದದ್ವಾರ ಸ್ವಲ್ಪ ಹೊರಚಾಚಿರುತ್ತದೆ, ಗಂಡಿನದು ಒಳಕ್ಕಿರುತ್ತದೆ. ಪಕ್ವವಾದ ಗಂಡಿನ ಹೊಟ್ಟೆಯನ್ನು ಒದ್ದೆ ಕೈಯಿಂದ ಹಗುರವಾಗಿ ಒತ್ತಿದರೆ ಹಾಲಿನಂತಹ ದ್ರವ ಒಸರುತ್ತದೆ. ಬೇರೆ ಉಪಾಯಗಳೆಲ್ಲ ಸೋತಾಗ ಮಾತ್ರ, ಅದೂ ಅಭ್ಯಾಸವಿದ್ದವರ ಎದುರಿನಲ್ಲಿ, ಹೀಗೆ ಒತ್ತಿ ನೋಡಬಹುದು. ಕೋಯಿ ಮೀನಿಗೂ ಬಹುತೇಕ ಇದೇ ಕ್ರಮ ಅನ್ವಯಿಸುತ್ತದೆ.

ಫೈಟರ್ ಮತ್ತು ಗೌರಾಮಿ

ಫೈಟರ್ ಗಂಡಿನ ರೆಕ್ಕೆಗಳು ಉದ್ದ, ಹೆಣ್ಣಿನವು ಗಿಡ್ಡ ಎಂಬುದು ಎಲ್ಲರಿಗೂ ತಿಳಿದದ್ದೇ. ಗಿಡ್ಡ ರೆಕ್ಕೆಯ ತಳಿಗಳಲ್ಲಿ ಈ ಗುರುತು ಕೈಕೊಡುತ್ತದೆ. ಹೆಣ್ಣಿನ ಹೊಟ್ಟೆಯ ಕೆಳಗೆ ಮೊಟ್ಟೆ ಹೊರಬರುವಲ್ಲಿ ಉಪ್ಪಿನ ಹರಳಿನಂತಹ ಬಿಳಿ ಚುಕ್ಕೆಯಿರುತ್ತದೆ. ಎಳೆಯ ಗಂಡುಗಳಲ್ಲಿಯೂ ಅದು ಕಂಡೀತು. ತೊಟ್ಟಿಯ ಪಕ್ಕದಲ್ಲಿ ಕನ್ನಡಿ ಹಿಡಿದರೆ ಸಂಶಯ ನಿವಾರಣೆಯಾಗುತ್ತದೆ: ಗಂಡು ಕಿವಿರು ಮುಚ್ಚಳವನ್ನು ಅರಳಿಸಿದಾಗ ಅದರ ಕೆಳಗೆ ಗಡ್ಡದಂತೆ ಅಗಲವಾದ ಪೊರೆ ಹೊರಬರುತ್ತದೆ, ಹೆಣ್ಣಿನಲ್ಲಿ ಅದು ತೀರಾ ಚಿಕ್ಕದು. ಗೌರಾಮಿಯಲ್ಲಿ ಬೆನ್ನಿನ ರೆಕ್ಕೆ ಉದ್ದವಾಗಿ ಚೂಪಾಗಿದ್ದರೆ ಗಂಡು, ಗಿಡ್ಡವಾಗಿ ದುಂಡಗಿದ್ದರೆ ಹೆಣ್ಣು.

ಏಂಜಲ್ ಮೀನು

ಇದರಲ್ಲಿ ಹೊರಗಿನಿಂದ ಲಿಂಗ ಹೇಳುವ ಪ್ರಯತ್ನವನ್ನೇ ಮಾಡದಿರುವುದು ಉತ್ತಮ. ಆರರಿಂದ ಎಂಟು ಮರಿಗಳನ್ನು ಒಟ್ಟಿಗೆ ಬೆಳೆಸಿ, ತಾವಾಗಿಯೇ ಜೊತೆಯಾಗಿ ಒಂದು ಮೂಲೆಯನ್ನು ಕಾಯುವ ಜೋಡಿಯನ್ನು ಪ್ರತ್ಯೇಕಿಸಬೇಕು. ಮೊಟ್ಟೆ ಇಡುವ ಹೊತ್ತಿಗೆ ಎರಡರಲ್ಲೂ ಗುದದ್ವಾರದ ಬಳಿ ಒಂದು ಸಣ್ಣ ನಳಿಕೆ ಹೊರಬರುತ್ತದೆ. ಹೆಣ್ಣಿನದು ದಪ್ಪ ಮತ್ತು ಮೊಂಡು. ಗಂಡಿನದು ಸಣ್ಣ ಮತ್ತು ಚೂಪು. ಗಂಡಿಲ್ಲದಿದ್ದರೆ ಎರಡು ಹೆಣ್ಣುಗಳೂ ಜೊತೆಗೂಡಿ, ಎಲೆಯನ್ನು ಶುಚಿಮಾಡಿ, ಮೊಟ್ಟೆಯಿಟ್ಟು ಕಾಯುತ್ತವೆ! ಮೊಟ್ಟೆಗಳೆಲ್ಲ ಒಂದೆರಡು ದಿನಗಳಲ್ಲಿ ಬೆಳ್ಳಗಾಗುತ್ತವೆ. ಒಮ್ಮೆ ಹೀಗಾದರೆ ನೀರಿನ ದೋಷವೋ ಎಳೆಯ ಗಂಡಿನ ಅನನುಭವವೋ ಇರಬಹುದು. ಮೂರು ಬಾರಿಯೂ ಹೀಗೇ ಆದರೆ ಎರಡೂ ನಳಿಕೆಗಳನ್ನು ಮತ್ತೊಮ್ಮೆ ಹೋಲಿಸಿ ನೋಡತಕ್ಕದ್ದು.

ಪರೀಕ್ಷಿಸುವ ವಿಧಾನ

ಮೀನನ್ನು ನೀರಿನಿಂದ ಹೊರತೆಗೆಯದೆ, ಅದೇ ತೊಟ್ಟಿಯ ನೀರು ತುಂಬಿದ ಪಾರದರ್ಶಕ ಗಾಜಿನ ಪಾತ್ರೆಗೆ ಮೆತ್ತನೆಯ ಕೈಬಲೆಯಿಂದ ಸಾಗಿಸಿ, ಬೆಳಗಿನ ಬೆಳಕಿನಲ್ಲಿ ಭೂತಗನ್ನಡಿ ಹಿಡಿದು ಪಕ್ಕದಿಂದ ನೋಡಬೇಕು. ಆಹಾರ ಹಾಕಿದ ಕೂಡಲೇ ನೋಡಿದರೆ ತುಂಬಿದ ಹೊಟ್ಟೆ ಹೆಣ್ಣಿನ ಭ್ರಮೆ ಹುಟ್ಟಿಸುತ್ತದೆ. ವಿಂಗಡಿಸಿದ ತೊಟ್ಟಿಗಳಿಗೆ ದಿನಾಂಕ, ಜಾತಿ ಮತ್ತು ಗಂಡು ಅಥವಾ ಹೆಣ್ಣು ಎಂದು ಬರೆದ ಚೀಟಿ ಅಂಟಿಸಬೇಕು. ಸಂದೇಹವುಳಿದ ಮೀನುಗಳನ್ನು ಯಾವ ಗುಂಪಿಗೂ ಸೇರಿಸದೆ ಮೂರನೆಯ ತೊಟ್ಟಿಯಲ್ಲಿರಿಸಿ, ಎರಡು ವಾರಗಳ ನಂತರ ಮತ್ತೆ ನೋಡುವುದು. ಹೆಚ್ಚಿನ ಮಾಹಿತಿ ಬೇಕಾದವರು ತಮ್ಮ ತಾಲ್ಲೂಕಿನ ಮೀನುಗಾರಿಕೆ ಸಹಾಯಕ ನಿರ್ದೇಶಕರ ಕಚೇರಿಯನ್ನು ಸಂಪರ್ಕಿಸುವುದು.