ಯೌವನದ ಮೊಡವೆ: ಕಾರಣ ಮತ್ತು ಉಪಶಮನ

ರೋಣ ತಾಲ್ಲೂಕಿನ ಸವಡಿಯಂತಹ ಕರಿಮಣ್ಣಿನ ಸೀಮೆಯ ಊರಿನಲ್ಲಿ ಮೊಡವೆಗೆ ಮದ್ದೇನೆಂದು ಕೇಳಿದರೆ ಉತ್ತರಗಳಿಗೆ ಬರವಿಲ್ಲ. ಬೇವಿನ ಎಲೆಯನ್ನು ಅರೆದು ಹಚ್ಚಬೇಕೆಂದು ಒಬ್ಬರು, ಕಡಲೆಹಿಟ್ಟಿಗೆ ಅರಿಸಿನ ಬೆರೆಸಬೇಕೆಂದು ಮತ್ತೊಬ್ಬರು, ಶೇಂಗಾ ತಿನ್ನುವುದನ್ನು ಬಿಟ್ಟು ಮೈಯ ಉಷ್ಣವನ್ನು ಇಳಿಸಿಕೊಳ್ಳಬೇಕೆಂದು ಮೂರನೆಯವರು ಹೇಳುತ್ತಾರೆ. ಔಷಧದಂಗಡಿಯಲ್ಲಿ ಕೇಳಿದರೆ ಯಾವುದೋ ಮುಲಾಮಿನ ಕೊಳವೆ ಕೈಗೆ ಬರುತ್ತದೆ. ಈ ಉಪದೇಶಗಳಲ್ಲಿ ಕೆಲವು ಹಿತಕರ, ಕೆಲವು ನಿರುಪದ್ರವಿ, ಕೆಲವು ಮುಖಕ್ಕೆ ಶಾಶ್ವತವಾದ ಕಲೆಯನ್ನು ತರತಕ್ಕವು. ಇವುಗಳನ್ನು ಬೇರ್ಪಡಿಸುವ ಬಗೆ ಹೇಗೆ? ಮೊದಲು ಕಾರಣವನ್ನು ತಿಳಿಯಬೇಕು; ಅನಂತರ ಯಾವ ಮದ್ದು ಯಾವ ಕಾರಣದ ಮೇಲೆ ಕೆಲಸ ಮಾಡುವುದೆಂದು ವಿಚಾರಿಸಬೇಕು. ಈ ಲೇಖನದಲ್ಲಿ ನಾವು ಅದೇ ಕ್ರಮವನ್ನು ಅನುಸರಿಸೋಣ.

ಮೊಡವೆಯು ಹೊಸ ರೋಗವಲ್ಲ. ಸುಶ್ರುತಸಂಹಿತೆಯು ಇದನ್ನು ಮುಖದೂಷಿಕೆ ಎಂದು ಕರೆದು, ತರುಣರ ಮುಖದ ಮೇಲೆ ಬೂರುಗದ ಮುಳ್ಳಿನಂತೆ ಏಳುವ ಗುಳ್ಳೆಗಳೆಂದು ವರ್ಣಿಸಿದೆ. ಹನ್ನೆರಡರಿಂದ ಇಪ್ಪತ್ತನಾಲ್ಕು ವರ್ಷದವರಲ್ಲಿ ನೂರಕ್ಕೆ ಸುಮಾರು ೮೫ ಮಂದಿಗೆ ಇದು ಸ್ವಲ್ಪವಾದರೂ ತಗಲುವುದೆಂದು ಇಂದಿನ ವೈದ್ಯರ ಅಂದಾಜು. ಆದುದರಿಂದ ಮೊಡವೆಯುಳ್ಳವರು ನಾಚಿ ತಲೆತಗ್ಗಿಸಬೇಕಾದ ಕಾರಣವೇ ಇಲ್ಲ.

ನಾಲ್ಕು ಕೊಂಡಿಗಳ ಸರಪಳಿ

ನಮ್ಮ ಚರ್ಮದಲ್ಲಿ ರೋಮ ಹುಟ್ಟುವ ಕುಳಿಗಳಿವೆ. ಪ್ರತಿಯೊಂದು ಕುಳಿಗೂ ಅಂಟಿಕೊಂಡು ಮೇದೋಗ್ರಂಥಿಯೆಂಬ ಸಣ್ಣ ಚೀಲವಿದ್ದು, ಅದು ಜಿಡ್ಡನ್ನು ಸ್ರವಿಸುತ್ತದೆ. ಈ ಜಿಡ್ಡು ಕುಳಿಯ ಮೂಲಕ ಹೊರಬಂದು ಚರ್ಮವನ್ನು ಮೃದುವಾಗಿಡುತ್ತದೆ. ಅಂಗೈ ಅಂಗಾಲುಗಳಲ್ಲಿ ಈ ಗ್ರಂಥಿಗಳಿಲ್ಲ. ಮುಖ, ಎದೆಯ ಮೇಲ್ಭಾಗ ಮತ್ತು ಬೆನ್ನಿನಲ್ಲಿ ಅವು ಬಹಳ. ಮೊಡವೆಗಳು ಏಳುವುದೂ ಈ ಸ್ಥಳಗಳಲ್ಲಿಯೇ ಎಂಬುದನ್ನು ವಾಚಕರು ಗಮನಿಸಬೇಕು.

ಪ್ರಾಯ ಬರುವ ಕಾಲಕ್ಕೆ ಹುಡುಗರಲ್ಲಿಯೂ ಹುಡುಗಿಯರಲ್ಲಿಯೂ ಆಂಡ್ರೊಜನ್ ಎಂಬ ಹಾರ್ಮೋನುಗಳು ರಕ್ತದಲ್ಲಿ ಹೆಚ್ಚುತ್ತವೆ. ಅವುಗಳ ಪ್ರಚೋದನೆಯಿಂದ ಮೇದೋಗ್ರಂಥಿಗಳು ದೊಡ್ಡವಾಗಿ ಹೆಚ್ಚು ಜಿಡ್ಡನ್ನು ಸ್ರವಿಸುತ್ತವೆ. ಇದು ಮೊದಲ ಕೊಂಡಿ. ಕುಳಿಯ ಒಳಗೋಡೆಯಿಂದ ಉದುರುವ ಸತ್ತ ಜೀವಕೋಶಗಳು ಸರಾಗವಾಗಿ ಹೊರಬೀಳದೆ ಜಿಡ್ಡಿನೊಡನೆ ಅಂಟಿಕೊಂಡು ಬಾಯಿಗೆ ಬಿರಡೆಯಾಗುವುದು ಎರಡನೆಯದು. ಮುಚ್ಚಿದ ಕುಳಿಯಲ್ಲಿ ಕ್ಯುಟಿಬ್ಯಾಕ್ಟೀರಿಯಮ್ ಏಕ್ನಿಸ್ ಎಂಬ ಬ್ಯಾಕ್ಟೀರಿಯ ವೃದ್ಧಿಯಾಗುವುದು ಮೂರನೆಯದು. ಇದು ಆರೋಗ್ಯವಂತರ ಚರ್ಮದಲ್ಲಿಯೂ ವಾಸಿಸುವ ಜೀವಿ. ಹೊರಗಿನಿಂದ ಅಂಟಿದ ಸೋಂಕಲ್ಲ. ನಮ್ಮ ದೇಹದ ರಕ್ಷಣಾವ್ಯವಸ್ಥೆ ಕೆರಳಿ ಆ ಸ್ಥಳವು ಕೆಂಪಾಗಿ ಬಾತು ನೋಯುವುದು ನಾಲ್ಕನೆಯ ಕೊಂಡಿ. ಈ ನಾಲ್ಕು ಒಂದಾದ ಮೇಲೊಂದರಂತೆಯೇ ನಡೆಯಬೇಕೆಂಬ ನಿಯಮವಿಲ್ಲ. ಉರಿಯೂತವು ಆರಂಭದಿಂದಲೂ ಜೊತೆಗೂಡಿರಬಹುದು.

ಮೂಗಿನ ಮೇಲೆ ಕಾಣುವ ಕರಿಚುಕ್ಕೆಯನ್ನು ಕೊಳೆಯೆಂದು ತಿಳಿದು ದಿನಕ್ಕೆ ಐದಾರು ಬಾರಿ ಸಾಬೂನಿನಿಂದ ಉಜ್ಜುವವರುಂಟು. ಅದು ಕೊಳೆಯಲ್ಲ. ತೆರೆದ ಬಾಯಿಯ ಬಿರಡೆಯಲ್ಲಿರುವ ಮೆಲನಿನ್ ಎಂಬ ವರ್ಣದ್ರವ್ಯ ಮತ್ತು ಗಾಳಿಯ ಆಮ್ಲಜನಕದೊಡನೆ ಸೇರಿದ ಜಿಡ್ಡು ಆ ಬಣ್ಣಕ್ಕೆ ಕಾರಣ. ಚರ್ಮದ ಮೇಲ್ಮೈ ಸ್ವಭಾವತಃ ಸ್ವಲ್ಪ ಆಮ್ಲೀಯ. ಅದರ ಪಿಎಚ್ ಸುಮಾರು ೫. ಸಾಮಾನ್ಯ ಸಾಬೂನಿನ ಪಿಎಚ್ ೯ರಿಂದ ೧೦. ಮೇಲಾಗಿ ಸವಳುನೀರಿನಲ್ಲಿ ಕ್ಯಾಲ್ಸಿಯಮ್ ಲವಣಗಳಿದ್ದರೆ ಸಾಬೂನು ಕರಗದ ಗಸಿಯಾಗಿ ಚರ್ಮದ ಮೇಲೆ ಉಳಿಯುತ್ತದೆ. ಹೀಗಾಗಿ ಅತಿಯಾಗಿ ತೊಳೆಯುವುದರಿಂದ ಕೆರಳಿಕೆ ಹೆಚ್ಚುವುದೇ ಹೊರತು ಮೊಡವೆ ಕಡಮೆಯಾಗದು. ದಿನಕ್ಕೆ ಎರಡು ಬಾರಿ ಮೃದುವಾಗಿ ತೊಳೆದರೆ ಸಾಕು.

ಉಷ್ಣವೂ ಆಹಾರವೂ

ಮೈಯಲ್ಲಿ ಉಷ್ಣ ಹೆಚ್ಚಿದುದರಿಂದ ಮೊಡವೆ ಬಂದಿತೆಂಬ ಮಾತನ್ನು ಪರೀಕ್ಷಿಸುವುದು ಸುಲಭ. ಉಷ್ಣಮಾಪಕವನ್ನಿಟ್ಟು ನೋಡಿದರೆ ಮೊಡವೆಯುಳ್ಳವರ ದೇಹದ ತಾಪವೂ ಇಲ್ಲದವರ ತಾಪವೂ ಸುಮಾರು ೩೭ ಡಿಗ್ರಿ ಸೆಲ್ಸಿಯಸ್ ಇರುತ್ತದೆ. ವೈದ್ಯಪರಂಪರೆಯಲ್ಲಿ ಉಷ್ಣವೆಂಬ ಪದಕ್ಕೆ ಬೇರೆ ಅರ್ಥವಿದೆ. ಅದನ್ನು ಭೌತಶಾಸ್ತ್ರದ ಉಷ್ಣದೊಡನೆ ಬೆರೆಸಬಾರದು.

ಆಹಾರದ ವಿಷಯದಲ್ಲಿ ವಿಜ್ಞಾನಿಗಳ ಅಭಿಪ್ರಾಯವು ಬದಲಾಗುತ್ತ ಬಂದಿದೆ. ೧೯೬೯ರಲ್ಲಿ ಅಮೆರಿಕದಲ್ಲಿ ೬೫ ಮಂದಿಗೆ ಚಾಕೊಲೇಟು ತಿನ್ನಿಸಿ ನಡೆಸಿದ ಪ್ರಯೋಗದಲ್ಲಿ ಮೊಡವೆ ಹೆಚ್ಚಲಿಲ್ಲ. ಆದರೆ ಹೋಲಿಕೆಗಾಗಿ ಕೊಟ್ಟ ಚಾಕೊಲೇಟಿಲ್ಲದ ಮಿಠಾಯಿಯಲ್ಲಿಯೂ ಸಕ್ಕರೆ, ಕೊಬ್ಬು ತುಂಬಿದ್ದುವು! ಹೀಗಿರುವಾಗ ವ್ಯತ್ಯಾಸ ಕಾಣುವುದು ಹೇಗೆ? ೨೦೦೭ರಲ್ಲಿ ಆಸ್ಟ್ರೇಲಿಯದ ೪೩ ತರುಣರ ಮೇಲೆ ಹನ್ನೆರಡು ವಾರ ನಡೆದ ಪ್ರಯೋಗದಲ್ಲಿ, ರಕ್ತದ ಸಕ್ಕರೆಯನ್ನು ಥಟ್ಟನೆ ಏರಿಸದ ಆಹಾರವನ್ನು ಉಂಡವರ ಮೊಡವೆಗಳು ಇತರರದಕ್ಕಿಂತ ಹೆಚ್ಚು ಇಳಿದುವು. ಸಿಹಿತಿಂಡಿ, ಸಕ್ಕರೆಯ ಪಾನೀಯಗಳನ್ನು ಮಿತಗೊಳಿಸುವುದಕ್ಕೆ ಇಷ್ಟು ಆಧಾರ ಸಾಕು. ತಿಂದ ಶೇಂಗಾದ ಎಣ್ಣೆಯೇ ಮುಖದಲ್ಲಿ ಜಿನುಗುತ್ತದೆಂಬ ಕಲ್ಪನೆಯಾದರೋ ನಿರಾಧಾರವಾದುದು. ಜಿಡ್ಡನ್ನು ಮೇದೋಗ್ರಂಥಿಯು ತಾನೇ ತಯಾರಿಸುತ್ತದೆ.

ಹಸಿರುಮದ್ದುಗಳ ಪರೀಕ್ಷೆ

ಈಗ ಮನೆಮದ್ದುಗಳನ್ನು ಒಂದೊಂದಾಗಿ ಆ ಸರಪಳಿಯ ಮುಂದೆ ನಿಲ್ಲಿಸೋಣ.

ಲೋಳೆಸರದ ತಿರುಳಿನಲ್ಲಿ ನೂರಕ್ಕೆ ೯೮ ಭಾಗಕ್ಕಿಂತ ಹೆಚ್ಚು ನೀರೇ ಇದೆ. ಒಂದು ಗ್ರಾಮ್ ನೀರು ಚರ್ಮದ ತಾಪದಲ್ಲಿ ಆವಿಯಾಗಲು ಸುಮಾರು ೫೮೦ ಕ್ಯಾಲೊರಿ ಉಷ್ಣ ಬೇಕು. ಇದರ ಒಂದು ಭಾಗವನ್ನು ಅದು ಚರ್ಮದಿಂದಲೇ ಸೆಳೆಯುತ್ತದೆ. ಆದ್ದರಿಂದಲೇ ತಂಪು. ಸವಡಿಯ ಬೇಸಗೆಯ ಒಣಗಾಳಿಯಲ್ಲಿ ಈ ತಂಪು ಬೇಗ ತಿಳಿಯುತ್ತದೆ. ಕಾರವಾರದ ತೇವದ ಹವೆಯಲ್ಲಿ ನಿಧಾನ. ಉರಿಯುವ ಗುಳ್ಳೆಗೆ ಇದರಿಂದ ಹಿತವಾಗುವುದು ನಿಜ. ಶ್ರೀಗಂಧದ ಲೇಪದ ತಂಪಿಗೂ ಮುಖ್ಯವಾಗಿ ಇದೇ ಕಾರಣ. ಆದರೆ ಈ ತಂಪು ಹಾರ್ಮೋನನ್ನಾಗಲಿ ಬಿರಡೆಯನ್ನಾಗಲಿ ಮುಟ್ಟದು.

ಕಡಲೆಹಿಟ್ಟಿನ ಸೂಕ್ಷ್ಮ ಕಣಗಳ ನಡುವಿನ ಸಂದುಗಳು ಬತ್ತಿಯು ಎಣ್ಣೆಯನ್ನು ಹೀರುವಂತೆ ಮೇಲ್ಮೈಯ ಜಿಡ್ಡನ್ನು ಹೀರುತ್ತವೆ. ಗ್ರಂಥಿಯು ಮತ್ತೆ ಜಿಡ್ಡನ್ನು ಸುರಿಸುವುದರಿಂದ ಇದರ ಫಲ ಕ್ಷಣಿಕ. ಒಣಗಿದ ಲೇಪವನ್ನು ಉಜ್ಜಿ ತೆಗೆದರೆ ಕೆರಳಿಕೆಯಾಗುತ್ತದೆ. ನೀರು ಹಾಕಿ ನೆನೆಸಿ ತೊಳೆಯಬೇಕು.

ಬೇವಿನ ಸಾರವೂ ಅರಿಸಿನದಲ್ಲಿರುವ ಕುರ್ಕುಮಿನ್ ಎಂಬ ಹಳದಿ ದ್ರವ್ಯವೂ ಪ್ರಯೋಗಶಾಲೆಯಲ್ಲಿ ಬ್ಯಾಕ್ಟೀರಿಯಗಳ ಬೆಳವಣಿಗೆಯನ್ನು ತಡೆಯುತ್ತವೆ. ಕುರ್ಕುಮಿನ್ ಉರಿಯೂತವನ್ನೂ ತಗ್ಗಿಸುತ್ತದೆ. ಆದರೆ ಗಾಜಿನ ತಟ್ಟೆಯೇ ಬೇರೆ, ಜಿಡ್ಡಿನಿಂದ ಮುಚ್ಚಿದ ಕುಳಿಯೇ ಬೇರೆ. ಎಣ್ಣೆಯೊಡನೆ ನೀರು ಬೆರೆಯದಾದುದರಿಂದ ನೀರಿನ ಕಷಾಯವು ಆಳಕ್ಕೆ ಇಳಿಯುವುದು ಕಷ್ಟ. ಕುರ್ಕುಮಿನ್ ಆದರೋ ನೀರಿನಲ್ಲಿ ಕರಗುವುದೇ ಅತ್ಯಲ್ಪ.

ಹಾಗಾದರೆ ಸಸ್ಯಗಳಿಂದ ಪ್ರಯೋಜನವೇ ಇಲ್ಲವೆ? ಉಂಟು. ಮೊಡವೆಗೆ ವೈದ್ಯರು ಕೊಡುವ ಸ್ಯಾಲಿಸಿಲಿಕ್ ಆಮ್ಲದ ವಂಶವು ವಿಲೋ ಮರದ ತೊಗಟೆಗೆ ಸೇರಿದುದು. ಅದು ಜಿಡ್ಡಿನಲ್ಲಿ ಕರಗಬಲ್ಲುದಾದುದರಿಂದ ಕುಳಿಯೊಳಗೆ ಇಳಿದು ಬಿರಡೆಯನ್ನು ಸಡಿಲಿಸುತ್ತದೆ. ೧೯೯೦ರಲ್ಲಿ ಆಸ್ಟ್ರೇಲಿಯದಲ್ಲಿ ೧೨೪ ರೋಗಿಗಳ ಮೇಲೆ ಟೀ ಟ್ರೀ ಎಂಬ ಮರದ ತೈಲವನ್ನು ನೂರಕ್ಕೆ ೫ರ ಪ್ರಮಾಣದಲ್ಲಿಯೂ, ಬೆನ್‌ಜಾಯ್ಲ್ ಪೆರಾಕ್ಸೈಡ್ ಎಂಬ ಔಷಧವನ್ನು ಅದೇ ಪ್ರಮಾಣದಲ್ಲಿಯೂ ಹೋಲಿಸಿ ನೋಡಿದರು. ಎರಡೂ ಫಲಕೊಟ್ಟವು, ತೈಲದ ಪರಿಣಾಮ ನಿಧಾನ, ಅಡ್ಡಪರಿಣಾಮ ಕಡಮೆ. ಈ ಮರವು ನಮ್ಮ ಚಹಾ ಗಿಡವಲ್ಲ. ನೇರಳೆ, ನೀಲಗಿರಿಗಳ ಕುಟುಂಬಕ್ಕೆ ಸೇರಿದುದು. ಮೂಲಿಕೆಯ ಹೆಸರಿನಷ್ಟೇ ಅದರ ಪ್ರಮಾಣವೂ ಮುಖ್ಯವೆಂಬುದು ಇಲ್ಲಿಯ ಪಾಠ. ಅರೆದ ಎಲೆಯಲ್ಲಿ ಆ ಪ್ರಮಾಣ ಇಂದು ಒಂದು, ನಾಳೆ ಮತ್ತೊಂದು.

ಇನ್ನೊಂದು ಎಚ್ಚರಿಕೆ ಅಗತ್ಯ. ಮೊಡವೆ ತಾನಾಗಿಯೇ ಏರುತ್ತದೆ, ತಾನಾಗಿಯೇ ಇಳಿಯುತ್ತದೆ. ಬಹಳ ಎದ್ದಾಗ ನಾವು ಮದ್ದು ಹಚ್ಚುತ್ತೇವೆ. ಇಳಿಯುವ ಕಾಲ ಬಂದು ಇಳಿದರೆ ಕೀರ್ತಿ ಮದ್ದಿಗೆ ಸಲ್ಲುತ್ತದೆ. ಆದುದರಿಂದಲೇ ಮದ್ದು ಹಚ್ಚಿದವರನ್ನು ಹಚ್ಚದವರೊಡನೆ ಹೋಲಿಸದೆ ಯಾವ ತೀರ್ಮಾನಕ್ಕೂ ಬರಲಾಗದು.

ಮಾಡಬಾರದ ಕೆಲಸಗಳು

ಮೊಡವೆಯನ್ನು ಹಿಸುಕಬಾರದು. ಹಿಸುಕಿದಾಗ ಒತ್ತಡವು ಎಲ್ಲ ದಿಕ್ಕಿಗೂ ಹರಡುತ್ತದೆ. ಒಳಗಿನ ವಸ್ತುವಿನ ಸ್ವಲ್ಪ ಭಾಗ ಹೊರಬಂದರೆ, ಕುಳಿಯ ಗೋಡೆಯೊಡೆದು ಉಳಿದುದು ಚರ್ಮದ ಆಳಕ್ಕೆ ನುಗ್ಗುತ್ತದೆ. ಕುಳಿಬಿದ್ದ ಕಲೆಗೆ ಇದೊಂದು ದೊಡ್ಡ ಕಾರಣ. ನಮ್ಮಂತಹ ಕಂದುಚರ್ಮದವರಲ್ಲಿ ಉರಿಯೂತ ಆರಿದ ಮೇಲೂ ಕಪ್ಪುಗುರುತು ತಿಂಗಳುಗಟ್ಟಲೆ ನಿಲ್ಲುತ್ತದೆ. ನಿಂಬೆಯ ರಸದ ಪಿಎಚ್ ಸುಮಾರು ೨. ಎಂದರೆ ಚರ್ಮದ ಮೇಲ್ಮೈಗಿಂತ ಸಾವಿರ ಪಾಲು ಆಮ್ಲೀಯ. ಅದನ್ನು ಬಳಿದುಕೊಂಡು ಬಿಸಿಲಿಗೆ ಹೋದರೆ ಸುಟ್ಟಗಾಯದಂತಹ ಕಲೆಗಳಾಗಬಹುದು. ಬೆಳ್ಳುಳ್ಳಿಯನ್ನು ಜಜ್ಜಿ ಕಟ್ಟುವುದೂ ಚರ್ಮವನ್ನು ಸುಡುತ್ತದೆ.

ಎಲ್ಲಕ್ಕಿಂತ ಅಪಾಯಕಾರಿಯಾದುದು ಸ್ಟೆರಾಯ್ಡ್ ಬೆರೆತ ಮುಲಾಮು. ಹಚ್ಚಿದ ಕೆಲವೇ ದಿನಗಳಲ್ಲಿ ಕೆಂಪು ಇಳಿದು ಮುಖ ತಿಳಿಯಾಗುತ್ತದೆ, ಮೋಸವಿರುವುದೇ ಅಲ್ಲಿ. ಮುಂದುವರಿಸಿದರೆ ಚರ್ಮ ತೆಳುವಾಗಿ, ರಕ್ತನಾಳಗಳು ಕಾಣಿಸಿಕೊಂಡು, ಮೊಡವೆ ಇಮ್ಮಡಿಯಾಗಿ ಏಳುತ್ತದೆ. ಬಿಟ್ಟರೆ ಮುಖ ಉರಿಯುತ್ತದೆ. ೨೦೧೮ರಲ್ಲಿ ಭಾರತ ಸರ್ಕಾರವು ಇಂತಹ ಅನೇಕ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಕೂಡದ ಪಟ್ಟಿಗೆ ಸೇರಿಸಿತು. ಬೀಟಾಮೆಥಸೋನ್, ಕ್ಲೊಬೆಟಸಾಲ್, ಮೊಮೆಟಸೋನ್ ಎಂಬ ಹೆಸರುಗಳು ಕೊಳವೆಯ ಮೇಲಿದ್ದರೆ ವೈದ್ಯರನ್ನು ಕೇಳದೆ ಅದನ್ನು ಮುಖಕ್ಕೆ ತಾಗಿಸಕೂಡದು.

ಹಾಗಾದರೆ ಮಾಡತಕ್ಕದ್ದೇನು? ಸೌಮ್ಯವಾದ ಮೊಡವೆಗೆ ಮೃದುವಾದ ಶುಚಿತ್ವ ಮತ್ತು ಬಿಸಿಲಿನಿಂದ ರಕ್ಷಣೆ ಬೇಕು. ಬೇಕೆನಿಸಿದರೆ ಲೋಳೆಸರದ ತಂಪೂ ಆದೀತು. ಹೊಸ ಲೇಪವನ್ನು ಮೊದಲು ಮುಂಗೈಯ ಒಳಭಾಗಕ್ಕೆ ಹಚ್ಚಿ ಎರಡು ದಿನ ಕಾದು ನೋಡಬೇಕು. ನೋಯುವ ಗಂಟುಗಳೆದ್ದರೆ, ಕಲೆ ಬೀಳತೊಡಗಿದರೆ, ಹುಡುಗಿಯರಲ್ಲಿ ಮುಟ್ಟಿನ ಕ್ರಮ ತಪ್ಪಿ ಮುಖದಲ್ಲಿ ಕೂದಲು ಹೆಚ್ಚಿದರೆ ತಡಮಾಡದೆ ವೈದ್ಯರಲ್ಲಿಗೆ ಹೋಗಬೇಕು. ಸವಡಿಯವರಿಗೆ ಗದಗಿನ ಸರ್ಕಾರಿ ವೈದ್ಯಕೀಯ ಮಹಾವಿದ್ಯಾಲಯದ ಆಸ್ಪತ್ರೆ ಬಹುದೂರವಲ್ಲ. ಸರಿಯಾದ ಚಿಕಿತ್ಸೆಯೂ ಫಲ ತೋರಲು ಎಂಟರಿಂದ ಹನ್ನೆರಡು ವಾರ ಹಿಡಿಯುತ್ತದೆ. ಎಂಟು ದಿನಗಳಲ್ಲಿ ಮುಖ ಬೆಳಗಿಸುವೆನೆಂಬ ಮದ್ದನ್ನು, ಅದು ಗಿಡಮೂಲಿಕೆಯದಾಗಲಿ ಕೊಳವೆಯದಾಗಲಿ, ಅನುಮಾನದಿಂದಲೇ ನೋಡಬೇಕು. ಹೆಚ್ಚಿನವರಲ್ಲಿ ಮೊಡವೆ ಪ್ರಾಯದೊಡನೆ ಇಳಿದುಹೋಗುತ್ತದೆ. ಅವಸರದ ಚಿಕಿತ್ಸೆಯಿಂದ ಬಿದ್ದ ಕಲೆ ಮಾತ್ರ ಹಾಗೆ ಹೋಗುವುದಿಲ್ಲ.