ಅಡ್ವಾನ್ಸ್ ಕಳಿಸುವ ಮುಂಚೆ ಆಗಬೇಕಾದ ಮಾತು

ಶಿರಸಿಯಲ್ಲಿ ಅಪ್ಪೆಮಿಡಿ ಉಪ್ಪಿನಕಾಯಿ ಮಾರುವವರಿಗೆ ಬರವಿಲ್ಲ. ನನ್ನ ಯೋಜನೆ ಸ್ವಲ್ಪ ಬೇರೆ ಇತ್ತು. ಮಿಡಿ ಕೊಯ್ಯುವ ಮೊದಲೇ ಗಿರಾಕಿ ತನಗೆ ಬೇಕಾದ ಮರ ಆರಿಸಿ ಮುಂಗಡ ಕಟ್ಟಬೇಕು. ಆ ಮರದ ಮಿಡಿಯದ್ದೇ ಉಪ್ಪಿನಕಾಯಿ ಅವರ ಮನೆ ಸೇರಬೇಕು. ಇದಕ್ಕೊಂದು ವೆಬ್‌ಸೈಟ್ ಮಾಡಿಕೊಡಲು ಹುಬ್ಬಳ್ಳಿಯ ಫ್ರೀಲಾನ್ಸ್ ಡಿಸೈನರ್ ಒಬ್ಬರು ಒಪ್ಪಿದರು. ಮನೆಯಲ್ಲಿ ಎಲ್ಲರದ್ದೂ ಒಂದೇ ಪ್ರಶ್ನೆ: ‘ಅವನೇ ಐಡಿಯಾ ಕದ್ದರೆ?’

ಹುಡುಗರು ಫೇಸ್‌ಬುಕ್ಕಿನ ಕಥೆ ತೆಗೆದರು. 2003ರಲ್ಲಿ ಹಾರ್ವರ್ಡ್‌ನಲ್ಲಿ ವಿಂಕಲ್‌ವಾಸ್ ಸಹೋದರರು ಮತ್ತು ದಿವ್ಯಾ ನರೇಂದ್ರ ತಮ್ಮ ಸೈಟಿಗೆ ಕೋಡ್ ಬರೆಯಲು ಕೇಳಿದ್ದು ಮಾರ್ಕ್ ಜುಕರ್‌ಬರ್ಗ್ ಅವರನ್ನು. ಮರುವರ್ಷ ಫೆಬ್ರವರಿಯಲ್ಲಿ ಜುಕರ್‌ಬರ್ಗ್ ತಮ್ಮದೇ ಸೈಟ್ ಶುರುಮಾಡಿದರು. ಐಡಿಯಾ ಕದ್ದರೆಂಬ ದಾವೆ 2008ರಲ್ಲಿ ಸುಮಾರು 6.5 ಕೋಟಿ ಡಾಲರಿನ ರಾಜಿಯಲ್ಲಿ ಮುಗಿಯಿತು. ನಮ್ಮಂಥವರಿಗೆ ಅಂಥ ದಾವೆ ನಡೆಸುವ ತಾಕತ್ತು ಎಲ್ಲಿಂದ ಬರಬೇಕು?

ಪರಿಚಯದ ವಕೀಲರು ನೇರವಾಗಿ ಹೇಳಿದರು: “ತಂಗೀ, ಬರೀ ಐಡಿಯಾಕ್ಕೆ ಕಾನೂನಿನಲ್ಲಿ ಬೇಲಿ ಇಲ್ಲ.” ‘ಹಮ್ ಹಿಂದೂಸ್ತಾನಿ’ ನಾಟಕ ಬರೆದ ಆರ್.ಜಿ. ಆನಂದ್ ‘ನ್ಯೂ ಡೆಲ್ಲಿ’ ಚಿತ್ರದವರ ಮೇಲೆ ಹೂಡಿದ್ದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 1978ರಲ್ಲೇ ಇದನ್ನು ಹೇಳಿದೆ: ವಿಚಾರಕ್ಕೆ ಕೃತಿಸ್ವಾಮ್ಯವಿಲ್ಲ, ಅದನ್ನು ನಿರೂಪಿಸಿದ ರೀತಿಗೆ ಉಂಟು. ವ್ಯಾಪಾರದ ವಿಧಾನಕ್ಕೆ ಪೇಟೆಂಟ್ ಕೂಡ ಸಿಗದು. 1970ರ ಪೇಟೆಂಟ್ ಕಾಯ್ದೆಯ 3(ಕೆ) ಕಲಂ ಅದನ್ನು ಹೊರಗಿಟ್ಟಿದೆ.

ಹಾಗಾದರೆ ಕಾಪಾಡಿಕೊಳ್ಳಲು ಉಳಿದದ್ದೇನು? ಹುಡುಕಿದರೆ ಸಾಕಷ್ಟಿತ್ತು.

ಮೊದಲನೆಯದು ಗುಟ್ಟು. ಮರದ ಪಟ್ಟಿ, ಬುಕಿಂಗ್, ಹಣ ಪಾವತಿ, ಪಾರ್ಸೆಲ್ ಎಲ್ಲಿದೆ ಎನ್ನುವ ಮಾಹಿತಿ – ಪುಟ ಕಟ್ಟಲು ಡಿಸೈನರ್‌ಗೆ ಬೇಕಾದದ್ದು ಇಷ್ಟೇ. ಯಾವ ಊರಿನ ಯಾರ ಮರ, ಬೆಳೆಗಾರರಿಗೆ ಕೊಡುವ ದರ ಎಷ್ಟು, ಗಿರಾಕಿಗಳ ಫೋನ್ ನಂಬರ್ ಏನು ಎಂಬುದು ಬೇಕಿಲ್ಲ. ‘ಮರ 1, ಮರ 2’ ಎಂದು ಹುಸಿ ಹೆಸರು ಕೊಟ್ಟೇ ಕೆಲಸ ನಡೆಯಿತು. ತಿಳಿದದ್ದನ್ನು ಹೊರಗೆ ಹೇಳಬಾರದೆಂಬ ಒಪ್ಪಂದಕ್ಕೆ ಯೋಜನೆ ವಿವರಿಸುವ ಮೊದಲೇ ಸಹಿಯಾಯಿತು.

ಎರಡನೆಯದು ಬೀಗದ ಕೈ. ಡೊಮೇನ್ ನನ್ನ ಹೆಸರಲ್ಲಿ, ನನ್ನ ಇಮೇಲ್‌ನಲ್ಲಿ. ಒಟಿಪಿ ಬರುವುದು ನನ್ನ ಫೋನಿಗೆ. ಹೋಸ್ಟಿಂಗ್ ಹಾಗೆಯೇ. ಪೇಮೆಂಟ್ ಗೇಟ್‌ವೇ ನನ್ನ ಪ್ಯಾನ್ ಮತ್ತು ಬ್ಯಾಂಕ್ ಖಾತೆಗೆ. ಡಿಸೈನರ್‌ಗೆ ಬೇರೆ ಲಾಗಿನ್. ಕೆಲಸ ಮುಗಿದ ದಿನ ಅದು ಬಂದ್. ನಮ್ಮ ಕಡೆಯ ಹೋಂಸ್ಟೇ ಒಂದರ ಡೊಮೇನ್ ಡಿಸೈನರ್ ಇಮೇಲ್‌ನಲ್ಲೇ ಇತ್ತು. ನವೀಕರಣದ ಹೊತ್ತಿಗೆ ಆತ ಸಂಪರ್ಕಕ್ಕೇ ಸಿಗಲಿಲ್ಲ. ಅವರು ಬೇರೆ ವಿಳಾಸ ತೆಗೆದುಕೊಂಡು ಬೋರ್ಡು, ಕಾರ್ಡು ಎಲ್ಲ ಹೊಸದಾಗಿ ಮಾಡಿಸಬೇಕಾಯಿತು.

ಮೂರನೆಯದು ಬಹುಪಾಲು ಜನರಿಗೆ ಗೊತ್ತಿಲ್ಲದ್ದು. ದುಡ್ಡು ಕೊಟ್ಟ ಮಾತ್ರಕ್ಕೆ ಸೈಟಿನ ವಿನ್ಯಾಸ, ಕೋಡ್ ನಮ್ಮದಾಗುವುದಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯಂತೆ, ಸಂಬಳದ ನೌಕರ ಕೆಲಸದ ಭಾಗವಾಗಿ ಮಾಡಿದ್ದರ ಮೊದಲ ಒಡೆತನ ಸಾಮಾನ್ಯವಾಗಿ ಯಜಮಾನನದು. ಫ್ರೀಲಾನ್ಸರ್ ಬರೆದ ಕೋಡ್ ಅವರದೇ. ಹಕ್ಕು ನಮಗೆ ಬರಬೇಕಾದರೆ ಬರಹದಲ್ಲಿ, ಅವರ ಸಹಿಯೊಂದಿಗೆ ವರ್ಗಾವಣೆಯಾಗಬೇಕು. ಅವಧಿ ಬರೆಯದಿದ್ದರೆ ಕಾಯ್ದೆ ಅದನ್ನು 5 ವರ್ಷವೆಂದೇ ಎಣಿಸುತ್ತದೆ, ಪ್ರದೇಶ ಬರೆಯದಿದ್ದರೆ ಭಾರತಕ್ಕಷ್ಟೇ ಸೀಮಿತ. ನಮ್ಮ ಗಿರಾಕಿಗಳಲ್ಲಿ ಅಮೆರಿಕದ ನೆಂಟರೂ ಇದ್ದಾರೆ. ಹಾಗಾಗಿ ‘ಕೃತಿಸ್ವಾಮ್ಯದ ಪೂರ್ತಿ ಅವಧಿಗೆ, ಪ್ರಪಂಚದಾದ್ಯಂತ’ ಎಂದು ಬರೆಸಿದೆ. ಕೊನೆಯ ಕಂತನ್ನು ಸೋರ್ಸ್ ಫೈಲ್‌ಗಳು ಕೈಸೇರುವುದಕ್ಕೆ ಜೋಡಿಸಿದೆ.

ಬ್ರ್ಯಾಂಡಿನ ಹೆಸರಿಗೆ ಟ್ರೇಡ್‌ಮಾರ್ಕ್ ಅರ್ಜಿಯನ್ನೂ ಹಾಕಿದೆ. ಉಪ್ಪಿನಕಾಯಿ ಬರುವುದು 29ನೇ ವರ್ಗದಲ್ಲಿ. ವ್ಯಕ್ತಿಗಳಿಗೆ ಆನ್‌ಲೈನ್ ಶುಲ್ಕ ವರ್ಗಕ್ಕೆ 4,500 ರೂಪಾಯಿ. ನೋಂದಣಿಯಾದರೆ 10 ವರ್ಷಕ್ಕೆ, ಆಮೇಲೆ ನವೀಕರಿಸಬಹುದು.

ಡಿಸೈನರ್ ಒಂದು ಷರತ್ತಿಗೆ ಮಾತ್ರ ಒಪ್ಪಲಿಲ್ಲ. ಮುಂದೆ ಬೇರೆ ಯಾವ ಉಪ್ಪಿನಕಾಯಿಯವರಿಗೂ ಸೈಟ್ ಮಾಡಿಕೊಡಬಾರದೆಂದು ಮನೆಯವರು ಸೇರಿಸಿದ್ದರು. “ಅಕ್ಕಾ, ಹಂಗಂದ್ರ ನನ್ನ ಹೊಟ್ಟಿಪಾಡು?” ಎಂದರು. ನ್ಯಾಯ ಅವರ ಕಡೆಗಿತ್ತು. 1872ರ ಕರಾರು ಕಾಯ್ದೆಯ 27ನೇ ಕಲಂ ಪ್ರಕಾರ, ಕೆಲಸ ಮುಗಿದ ಮೇಲೂ ಒಬ್ಬರ ಉದ್ಯೋಗಕ್ಕೆ ತಡೆ ಹಾಕುವ ಷರತ್ತು ನಿಲ್ಲುವುದಿಲ್ಲ. ಅದನ್ನು ತೆಗೆದು, ಸೈಟನ್ನು ತಮ್ಮ ಕೆಲಸದ ಮಾದರಿಯಾಗಿ ತೋರಿಸಿಕೊಳ್ಳುವ ಅನುಮತಿ ಬರೆದುಕೊಟ್ಟೆ. ಆಮೇಲೆ ಕೆಲಸ ಚುರುಕಾಯಿತು.

ಮುಂದಿನ ಹಂಗಾಮಿಗೆ ಇನ್ನೊಬ್ಬ ವ್ಯಾಪಾರಿ ಮುಂಗಡ ಬುಕಿಂಗ್ ಶುರುಮಾಡಿದರು. ಡಿಸೈನರ್ ಬಾಯಿಬಿಟ್ಟರೆಂದು ಮನೆಯಲ್ಲಿ ಗುಸುಗುಸು. ಬಾಯಿಬಿಡುವ ಅಗತ್ಯವೇ ಇರಲಿಲ್ಲ. ಸೈಟ್ ತೆರೆದ ದಿನವೇ ನಮ್ಮ ಐಡಿಯಾ ಊರಿಗೆಲ್ಲ ಕಾಣುತ್ತಿತ್ತು. ಅವರು ನೋಡಿ ಕಲಿತದ್ದು ವಿಧಾನವನ್ನು ಮಾತ್ರ. ಹೆಸರು, ಡೊಮೇನ್, ಕೋಡ್, ಗಿರಾಕಿಗಳ ಪಟ್ಟಿ ನಮ್ಮಲ್ಲೇ ಉಳಿದವು. ಬೆಳೆಗಾರರೂ ಬಿಟ್ಟು ಹೋಗಲಿಲ್ಲ.

ಹೊಸದಾಗಿ ಸೈಟ್ ಮಾಡಿಸುವವರಿಗೆ ನನ್ನದೊಂದು ಮನವಿ. ಐಡಿಯಾ ಕದಿಯುತ್ತಾರೆಂದು ನಿದ್ದೆ ಕೆಡಿಸಿಕೊಳ್ಳಬೇಡಿ. ಡೊಮೇನ್ ಯಾರ ಹೆಸರಲ್ಲಿ, ಕೋಡಿನ ಹಕ್ಕು ಯಾರದು, ಪಾಸ್‌ವರ್ಡ್ ಯಾರ ಬಳಿ ಎಂಬ ಮೂರಕ್ಕೂ ಕಾಗದದ ಮೇಲೆ ಉತ್ತರ ಪಡೆಯಿರಿ. ಅಡ್ವಾನ್ಸ್ ಕಳಿಸುವುದು ಆಮೇಲೆ.